ಓರ್ಟಾದಲ್ಲಿ ದೋಣಿ ಕಟ್ಟಿದ ಮೇಲೆ

ಕೆರಿಬಿಯನ್‌ನಿಂದ ಯುರೋಪಿಗೆ ಹಾಯಿದೋಣಿಯಲ್ಲಿ ಹೊರಟವರು ಎರಡು ಸಾವಿರಕ್ಕೂ ಹೆಚ್ಚು ನಾಟಿಕಲ್ ಮೈಲಿ ದಾಟಿ ಸಾಮಾನ್ಯವಾಗಿ ಮೊದಲು ಕಾಲಿಡುವ ನೆಲ ಓರ್ಟಾ. ಪೋರ್ಚುಗಲ್‌ಗೆ ಸೇರಿದ ಅಜೋರ್ಸ್ ದ್ವೀಪಗಳ ಪೈಕಿ ಫಯಾಲ್‌ನಲ್ಲಿದೆ ಈ ಊರು. ಒಬ್ಬಂಟಿಯಾಗಿ ಭೂಮಿ ಸುತ್ತಲು ಹೊರಟ ಜೋಶುವಾ ಸ್ಲೋಕಮ್ 1895ರ ಜುಲೈನಲ್ಲಿ ತಂಗಿದ್ದು ಇಲ್ಲೇ. 1919ರಲ್ಲಿ ಅಮೆರಿಕ ನೌಕಾಪಡೆಯ ಎನ್‌ಸಿ-4 ವಿಮಾನ ಅಟ್ಲಾಂಟಿಕ್ ದಾಟುವಾಗ ಇಳಿದದ್ದೂ ಇಲ್ಲೇ. ಇಂಗ್ಲೆಂಡಿನ ಫಾಲ್ಮತ್ ಇಲ್ಲಿಂದ ಇನ್ನೂ ಸುಮಾರು 1,200 ನಾಟಿಕಲ್ ಮೈಲಿ. ಆದ್ದರಿಂದ ಓರ್ಟಾ ದುರಸ್ತಿಯ ಜಾಗ, ವಿಶ್ರಾಂತಿ ಆಮೇಲಿನ ಮಾತು. ಯಾವ ಕೆಲಸವನ್ನು ಮೊದಲು ಹಿಡಿಯುತ್ತೀರಿ ಎಂಬುದರ ಮೇಲೆ ಎಷ್ಟು ದಿನ ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ ಎಂಬುದು ನಿಂತಿದೆ.

ಬಂದರು ಸಮೀಪಿಸುವಾಗ ಪ್ರವೇಶಕ್ಕೆ ಅನುಮತಿ ಕೋರುವ ಹಳದಿ ಕ್ಯೂ ಬಾವುಟ ಏರಿಸಿ, ನೇರ ಸ್ವಾಗತ ಧಕ್ಕೆಗೆ ಹೋಗಿ ದೋಣಿ ಕಟ್ಟಬೇಕು. ಪಾಸ್‌ಪೋರ್ಟ್‌ಗಳು, ದೋಣಿಯ ನೋಂದಣಿ ಪತ್ರ, ವಿಮೆ, ಕ್ರೂ ಪಟ್ಟಿ, ಹಿಂದಿನ ಬಂದರಿನ ನಿರ್ಗಮನ ಪತ್ರ ಇವಿಷ್ಟನ್ನೂ ಕ್ಯಾಪ್ಟನ್ ಒಯ್ದು ತೋರಿಸಿ ಬರುವವರೆಗೆ ಉಳಿದವರು ಇಳಿಯುವಂತಿಲ್ಲ. ಕ್ರೂ ಆಗಿ ಸೇರಬೇಕೆಂದಿರುವ ನಮ್ಮವರು ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ: ಭಾರತದ ಪಾಸ್‌ಪೋರ್ಟ್ ಇದ್ದರೆ ಶೆಂಗೆನ್ ವೀಸಾ ಹೊರಡುವ ಮೊದಲೇ ಕೈಯಲ್ಲಿರಬೇಕು. ಕೆರಿಬಿಯನ್‌ನ ಸೇಂಟ್ ಮಾರ್ಟಿನ್ ದ್ವೀಪದ ಫ್ರೆಂಚ್ ಭಾಗಕ್ಕೆ ಕೊಟ್ಟ ವೀಸಾ ಶೆಂಗೆನ್ ವೀಸಾ ಅಲ್ಲ. ಮುಂದೆ ಇಂಗ್ಲೆಂಡಿಗೆ ಹೋಗುವುದಾದರೆ ಅದಕ್ಕೂ ಬೇರೆಯೇ ವೀಸಾ ಬೇಕು. ಯುರೋಪಿನ ಹೊರಗಿನಿಂದ ತಂದ ಮಾಂಸ, ಹಾಲಿನ ಪದಾರ್ಥಗಳನ್ನು ದಡಕ್ಕೆ ಒಯ್ಯಬಾರದು. ಮನೆಯ ತುಪ್ಪದ ಡಬ್ಬಿಯೂ ಈ ಲೆಕ್ಕಕ್ಕೇ ಸೇರುತ್ತದೆ.

ಮೇ, ಜೂನ್ ತಿಂಗಳಲ್ಲಿ ಇಲ್ಲಿ ವಿಪರೀತ ದಟ್ಟಣೆ. ಒಂದರ ಪಕ್ಕ ಒಂದರಂತೆ ಮೂರು ನಾಲ್ಕು ದೋಣಿಗಳನ್ನು ಕಟ್ಟುತ್ತಾರೆ. ಪಕ್ಕದ ದೋಣಿಗೆ ಮಾತ್ರ ಕಟ್ಟಿ ಸುಮ್ಮನಿರಬೇಡಿ, ಮುಂದಿನಿಂದ ಒಂದು, ಹಿಂದಿನಿಂದ ಒಂದು ಹಗ್ಗವನ್ನು ಧಕ್ಕೆಗೇ ಎಳೆದು ಕಟ್ಟಿ. ಮಾಸ್ಟ್‌ಗಳು (ಹಾಯಿಕಂಬಗಳು) ಒಂದೇ ಸಾಲಿನಲ್ಲಿ ಬಾರದಂತೆ ದೋಣಿಯನ್ನು ಒಂದಿಷ್ಟು ಹಿಂದೆಮುಂದೆ ಸರಿಸಿಕೊಳ್ಳಿ. ಇಲ್ಲದಿದ್ದರೆ ಅಲೆಗೆ ಹೊರಳಿದಾಗ ಮೇಲೆ ತಂತಿಗೆ ತಂತಿ ಬಡಿಯುತ್ತದೆ. ಇನ್ನೊಬ್ಬರ ದೋಣಿ ದಾಟುವುದು ಯಾವಾಗಲೂ ಅವರ ಮಾಸ್ಟ್‌ನ ಮುಂದಿನಿಂದ, ಅವರು ಕೂತಿರುವ ಜಾಗದ ಮೂಲಕ ಅಲ್ಲ.

ಒಂದು ರಾತ್ರಿ ಚೆನ್ನಾಗಿ ನಿದ್ದೆ ಮಾಡಿ, ಮಾರನೆಯ ಬೆಳಿಗ್ಗೆಯೇ ಮಾಸ್ಟ್ ಹತ್ತಿ. ಬಟ್ಟೆ ಒಗೆಯುವುದು, ಪಕ್ಕದ ಪೀಕು ದ್ವೀಪದ 2,351 ಮೀಟರ್ ಎತ್ತರದ ಜ್ವಾಲಾಮುಖಿ ನೋಡುವುದು ಎಲ್ಲ ನಂತರ. ಇಲ್ಲಿ ಹಾಯಿ ಹೊಲಿಯುವವರು, ರಿಗ್ಗಿಂಗ್ (ಮಾಸ್ಟ್‌ನ ತಂತಿ, ಹಗ್ಗಗಳ ಕೆಲಸ) ಬಲ್ಲವರು ಇದ್ದರೂ ನಿಮ್ಮ ಅಳತೆಯ ಭಾಗ ಇಲ್ಲಿಲ್ಲದಿದ್ದರೆ ಹೊರಗಿನಿಂದಲೇ ಬರಬೇಕು. ಮೊದಲ ದಿನ ಕಂಡ ಬಿರುಕಿಗೆ ಅಂದೇ ಆರ್ಡರ್ ಹೋಗುತ್ತದೆ. ಐದನೆಯ ದಿನ ಕಂಡರೆ ಒಳ್ಳೆಯ ಗಾಳಿ ಕಣ್ಣೆದುರೇ ದಾಟಿಹೋಗುತ್ತದೆ. ಹತ್ತುವಾಗ ಎರಡು ಹಾಲ್ಯಾರ್ಡ್ (ಹಾಯಿ ಏರಿಸುವ ಹಗ್ಗ) ಇರಲಿ: ಒಂದು ನಿಮ್ಮನ್ನು ಎತ್ತಲು, ಇನ್ನೊಂದು ಬೇರೆ ವಿಂಚ್‌ನಲ್ಲಿ (ಹಗ್ಗ ಸುತ್ತಿ ಎಳೆಯುವ ಉರುಳೆ) ರಕ್ಷಣೆಗೆ. ಹಾಲ್ಯಾರ್ಡ್ ಮಾಸ್ಟ್ ತುದಿಯ ರಾಟೆಯ ಮೇಲೆ ಹಾಯುವ ಜಾಗ ಸವೆದಿದ್ದರೆ ಕೊನೆಯ 30 ಸೆಂ.ಮೀ. ಕತ್ತರಿಸಿ ಮತ್ತೆ ಗಂಟು ಹಾಕಿ. ತಿಕ್ಕಾಟ ಹೊಸ ಜಾಗಕ್ಕೆ ಸರಿಯುತ್ತದೆ. ಮಾಸ್ಟನ್ನು ಪಕ್ಕದಿಂದ ಹಿಡಿದಿಡುವ ಶ್ರೌಡ್ ತಂತಿಗಳ ಕೆಳತುದಿಯನ್ನು ಬೆರಳಲ್ಲಿ ಮುಟ್ಟದೆ ಹತ್ತಿ ಬಟ್ಟೆಯಲ್ಲಿ ಒರೆಸಿ. ಎಳೆ ತುಂಡಾಗಿದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಕೆಳತುದಿಯ ಲೋಹದ ಕೊಳವೆಯೊಳಗೆ ಉಪ್ಪುನೀರು ಇಳಿದು ನಿಲ್ಲುವುದರಿಂದ ಬಿರುಕು ಮೊದಲು ಬರುವುದು ಅಲ್ಲೇ. ಒಂದೇ ಎಳೆ ಹೋಗಿದ್ದರೂ ಆ ತಂತಿ ಬದಲಾಯಿಸದೆ ಹೊರಡಬಾರದು. ಇದರಲ್ಲಿ ರಾಜಿಯೇ ಇಲ್ಲ.

ಎರಡನೆಯದು ಡೀಸೆಲ್. ವಾರಗಟ್ಟಲೆ ಕುಲುಕಿದ ಟ್ಯಾಂಕಿನಲ್ಲಿ ತಳದ ಕೆಸರೂ ನೀರೂ ಮೇಲೆದ್ದು ಫಿಲ್ಟರ್‌ಗೆ ಬರುತ್ತವೆ. ಬಂದರಿನೊಳಗೆ ಬರುವಾಗಲೇ ಎಂಜಿನ್ ನಿಂತುಹೋಗುವುದಕ್ಕೆ ಇದು ಸಾಮಾನ್ಯ ಕಾರಣ. ಇಂಧನದ ಕವಾಟ ಮುಚ್ಚಿ, ಮೊದಲ ಫಿಲ್ಟರ್‌ನ ಬಟ್ಟಲಿನಿಂದ ನೀರು ಬಸಿದು, ಹೊಸ ಎಲಿಮೆಂಟ್ (ಸೋಸುವ ಭಾಗ) ಹಾಕಿ, ಬಟ್ಟಲನ್ನು ಶುದ್ಧ ಡೀಸೆಲ್‌ನಿಂದ ತುಂಬಿ. ಎಂಜಿನ್ ಮೇಲಿನ ಎರಡನೆಯ ಫಿಲ್ಟರನ್ನೂ ಬದಲಿಸಿ. ಆಮೇಲೆ ಕವಾಟ ತೆರೆದು, ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಕೈಪಂಪ್ ಒತ್ತಿ ಬಿಗಿಮಾಡಿ. ಗಾಳಿ ಉಳಿದರೆ ಎಂಜಿನ್ ಚಾಲೂ ಆಗಿ ಎರಡು ನಿಮಿಷದಲ್ಲಿ ಸಾಯುತ್ತದೆ.

ನೀರಿನ ಲೆಕ್ಕ ಸುಲಭ. 5 ನಾಟ್ (ಗಂಟೆಗೆ 5 ನಾಟಿಕಲ್ ಮೈಲಿ) ವೇಗಕ್ಕೆ ದಿನಕ್ಕೆ 120 ಮೈಲಿ, 1,200 ಮೈಲಿಗೆ ಹತ್ತು ದಿನ. ಅದಕ್ಕೆ ಅರ್ಧ ಸೇರಿಸಿ ಹದಿನೈದು ಎಂದುಕೊಳ್ಳಿ. ನಾಲ್ವರಿಗೆ ಕುಡಿಯಲು, ಅಡುಗೆಗೆ ದಿನಕ್ಕೆ ತಲಾ 3 ಲೀಟರ್‌ನಂತೆ 180 ಲೀಟರ್; ಒಂದೇ ಟ್ಯಾಂಕಿನಲ್ಲಿ ಬೇಡ, ಒಂದು ಭಾಗ ಕ್ಯಾನ್‌ಗಳಲ್ಲಿರಲಿ. ಅಮೆರಿಕದ ಗ್ಯಾಸ್ ಸಿಲಿಂಡರ್‌ನ ಮೂತಿ ಯುರೋಪಿನದಕ್ಕೆ ಕೂರುವುದಿಲ್ಲ, ಅಡಾಪ್ಟರ್ ಜೊತೆಗಿರಲಿ. ಧಕ್ಕೆಯ ವಿದ್ಯುತ್ 230 ವೋಲ್ಟ್, 50 ಹರ್ಟ್ಸ್. 110 ವೋಲ್ಟ್‌ನ ಚಾರ್ಜರ್ ಚುಚ್ಚಿದರೆ ಸುಟ್ಟುಹೋಗುತ್ತದೆ. ಅಕ್ಕಿ, ಕಡಲೆಕಾಳು ಇಲ್ಲಿ ಸಿಗುತ್ತವೆ. ತೊಗರಿಬೇಳೆ, ಹುಣಸೆ ನೆಚ್ಚಿಕೊಂಡು ಬರಬೇಡಿ.

ಧಕ್ಕೆಯ ಗೋಡೆಯ ಮೇಲೆ ದೋಣಿಯ ಚಿತ್ರ ಬರೆಯದೆ ಹೊರಟರೆ ಕೇಡು ಎಂಬ ನಂಬಿಕೆ ನಾವಿಕರಲ್ಲಿದೆ, ಬಹುತೇಕ ಎಲ್ಲರೂ ಬರೆಯುತ್ತಾರೆ. ಗುರುತೇ ಸಿಗದಷ್ಟು ಅಳಿಸಿಹೋದ ಜಾಗ ಹುಡುಕಿ; ಓದಲು ಬರುವ ಚಿತ್ರದ ಮೇಲೆ ಬಳಿಯುವುದು ತಪ್ಪು. ಕಾಂಕ್ರೀಟನ್ನು ತಂತಿ ಬ್ರಷ್‌ನಿಂದ ಉಜ್ಜಿ ಸಿಹಿನೀರಿನಲ್ಲಿ ತೊಳೆದು, ಬಿಳಿ ಬಣ್ಣ ಹೊಡೆದು, ಒಂದು ದಿನ ಒಣಗಿಸಿಯೇ ಚಿತ್ರಕ್ಕೆ ಕೈಹಚ್ಚಿ. ಉಪ್ಪು ಉಳಿದರೆ ಬಣ್ಣ ಸಿಪ್ಪೆಯಂತೆ ಏಳುತ್ತದೆ. ಕನ್ನಡದಲ್ಲಿ ಹೆಸರು ಬರೆಯಲು ಅಚ್ಚು ಕತ್ತರಿಸುವುದಾದರೆ ಅಕ್ಷರಗಳ ಒಳಸುಳಿಗಳು ಉದುರದಂತೆ ಸಣ್ಣ ಸೇತುವೆಗಳನ್ನು ಬಿಡಿ.

ಹೊರಡುವ ದಿನವನ್ನು ಅಜೋರ್ಸ್‌ನ ಅಧಿಕ ಒತ್ತಡ ವಲಯ ನಿರ್ಧರಿಸುತ್ತದೆ. ಅದು ದ್ವೀಪಗಳ ಮೇಲೇ ಕೂತಿದ್ದರೆ ಗಾಳಿಯಿಲ್ಲ, ಬರೀ ಡೀಸೆಲ್ ಸುಡುತ್ತೀರಿ. ಇಂಗ್ಲೆಂಡಿನ ದಾರಿ ಹಿಡಿದವರು ನಕ್ಷೆಯ ನೇರ ಗೆರೆಗೆ ಆಸೆಪಡದೆ ಮೊದಲು ಉತ್ತರಕ್ಕೆ, 45 ಡಿಗ್ರಿ ಅಕ್ಷಾಂಶದ ಸುತ್ತ ಪಡುವಣ ಗಾಳಿ ನೆಲೆಯಾಗಿ ಸಿಗುವವರೆಗೆ ಹೋಗಿ, ಆಮೇಲೆ ಪೂರ್ವಕ್ಕೆ ತಿರುಗುತ್ತಾರೆ. ಪೋರ್ಚುಗಲ್ ಅಥವಾ ಜಿಬ್ರಾಲ್ಟರ್ ಕಡೆ ಹೋಗುವವರು 2020ರಿಂದ ಅಲ್ಲಿ ಓರ್ಕಾ ತಿಮಿಂಗಿಲಗಳು ಹಾಯಿದೋಣಿಗಳ ಚುಕ್ಕಾಣಿ ಮುರಿಯುತ್ತಿರುವುದನ್ನು ಗಮನದಲ್ಲಿಟ್ಟು, ಇತ್ತೀಚೆಗೆ ಎಲ್ಲಿ ಕಂಡಿವೆ ಎಂಬ ನಕ್ಷೆಯನ್ನು ಓರ್ಟಾದಲ್ಲಿ ಇಂಟರ್ನೆಟ್ ಇರುವಾಗಲೇ ಇಳಿಸಿಕೊಳ್ಳಬೇಕು.