ನಲ್ಲಿಯ ಮುಂದಿನ ಸಾಲು

ನಾನು ಬಿ.ಎ. ಎರಡನೆಯ ವರ್ಷದಲ್ಲಿದ್ದ 2014ರ ಬೇಸಿಗೆಯಲ್ಲಿ ಎನ್‌ಎಸ್‌ಎಸ್ ಮೇಡಂ ನಮ್ಮ ನಾಲ್ವರನ್ನು ಬೆಳಗಿನ ಐದು ಗಂಟೆಗೆ ಬೆಂಗಳೂರಿನ ಈಜಿಪುರದ ಬೀದಿ ನಲ್ಲಿಯೊಂದರ ಬಳಿ ಕೂರಿಸಿದರು. ನೀರು ಎಷ್ಟು ಹೊತ್ತಿಗೆ ಬಂತು, ಯಾರು ಎಷ್ಟು ಕೊಡ ಹಿಡಿದರು, ಜಗಳ ಯಾವ ಮಾತಿನಿಂದ ಶುರುವಾಯಿತು ಎಂಬುದನ್ನು ಬರೆದುಕೊಳ್ಳಬೇಕಿತ್ತು. ನಾನು ಕೊಡಗಳನ್ನಷ್ಟೇ ಎಣಿಸಿ ತಂದಿದ್ದೆ. ಮೇಡಂ ನೋಟ್‌ಬುಕ್ ಹಿಂದಿರುಗಿಸಿ, "ಸಾಲಿಗೆ ಬಾರದೆ ಮನೆಯಲ್ಲೇ ಉಳಿದವರು ಯಾರಮ್ಮಾ? ಅವರನ್ನು ಕೇಳಿಕೊಂಡು ಬಾ" ಎಂದರು. ಮರುದಿನ ಹೋಗಿ ನೋಡಿದರೆ, ಬಾಣಂತಿಯೊಬ್ಬರು ಪಕ್ಕದ ಮನೆಯವರು ಕೊಟ್ಟ ಅರ್ಧ ಕೊಡ ನೀರಿನಲ್ಲೇ ದಿನ ತೂಗಿಸುತ್ತಿದ್ದರು. ನನ್ನ ಲೆಕ್ಕದಲ್ಲಿ ಆ ಮನೆಯೇ ಇರಲಿಲ್ಲ.

ಆಮೇಲೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಎಂ.ಎಸ್‌.ಡಬ್ಲ್ಯು. ಮುಗಿಸಿದೆ, 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಮಡಿಕೇರಿಯ ಪರಿಹಾರ ಕೇಂದ್ರವೊಂದರಲ್ಲಿ ದುಡಿದೆ. ವಿದೇಶದಲ್ಲಿ ಶಾಂತಿಸ್ಥಾಪನೆಯ ಕೆಲಸಕ್ಕೆ ಹಾಕಿದ ಅರ್ಜಿಗಳು ಒಂದರ ಹಿಂದೊಂದು ತಿರಸ್ಕೃತವಾದವು. ಕೊನೆಗೆ ಕರೆ ಬಂದದ್ದು ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನಿಂದ. 2017ರ ಆಗಸ್ಟ್‌ನಿಂದೀಚೆಗೆ ಮ್ಯಾನ್ಮಾರ್‌ನಿಂದ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನರು ಪ್ರಾಣ ಉಳಿಸಿಕೊಳ್ಳಲು ಓಡಿಬಂದಿದ್ದ ಜಿಲ್ಲೆ ಅದು.

ಪರಿಹಾರ ಕಾರ್ಯದಲ್ಲಿರುವವರು ಪಾಲಿಸುವ 'ಸ್ಫಿಯರ್' ಮಾನದಂಡದ ಪ್ರಕಾರ ತಲೆಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು ಸಿಗಬೇಕು, ಒಂದು ನಲ್ಲಿಯನ್ನು 250ಕ್ಕಿಂತ ಹೆಚ್ಚು ಜನ ನೆಚ್ಚಿಕೊಂಡಿರಬಾರದು. ಹದಿನೈದು ಲೀಟರ್ ಎಂದರೆ ಹೆಚ್ಚುಕಡಿಮೆ ನಮ್ಮ ಒಂದು ಪ್ಲಾಸ್ಟಿಕ್ ಕೊಡ. ಆ ಜಿಲ್ಲೆಯ ತೆಕ್ನಾಫ್ ಭಾಗದಲ್ಲಿ ಬೇಸಿಗೆಗೆ ನೀರು ಬತ್ತುವುದರಿಂದ ರೋಹಿಂಗ್ಯಾ ನಿರಾಶ್ರಿತರ ಶಿಬಿರಕ್ಕೆ ಟ್ಯಾಂಕರ್ ಬರುತ್ತಿತ್ತು, ಮತ್ತು ಅದು ಸ್ಥಳೀಯ ಹಳ್ಳಿಯೊಂದನ್ನು ಹಾದೇ ಬರುತ್ತಿತ್ತು. ಖಾಲಿ ಅಲ್ಯೂಮಿನಿಯಂ ಕೊಡವನ್ನು ಸೊಂಟಕ್ಕೇರಿಸಿಕೊಂಡು ರಸ್ತೆ ಬದಿಯಲ್ಲಿ ನಿಂತು, ಟ್ಯಾಂಕರ್ ದೂಳೆಬ್ಬಿಸಿ ಹೋಗುವುದನ್ನು ನೋಡುತ್ತಿದ್ದ ಆ ಹಳ್ಳಿಯ ಹೆಂಗಸರ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆ ಕೊಡಕ್ಕೆ ಅವರು 'ಕೊಲ್ಶಿ' ಎನ್ನುತ್ತಾರೆ. ನಮ್ಮ ಕಲಶವೇ ಅದು. ನನ್ನ ಮೊದಲ ವರದಿಯಲ್ಲಿ ಶಿಬಿರದ ಲೆಕ್ಕ ಪಕ್ಕಾ ಇತ್ತು, ಈ ಹೆಂಗಸರು ಮಾತ್ರ ಇರಲಿಲ್ಲ. ಅದನ್ನು ಕಂಡುಕೊಂಡ ರಾತ್ರಿ ನಾನು ನಿದ್ದೆ ಮಾಡಲಿಲ್ಲ.

ಶಾಂತಿಸ್ಥಾಪನೆ ಎಂದರೆ ಒಪ್ಪಂದಕ್ಕೆ ಸಹಿ ಹಾಕಿಸುವುದು ಎಂದುಕೊಂಡು ಹೋಗಿದ್ದ ನಾನು, ಎರಡೂ ಕಡೆಯ ಹೆಂಗಸರನ್ನು ಒಂದೇ ಚಾಪೆಯ ಮೇಲೆ ಕೂರಿಸಲು ನಾಲ್ಕು ವಾರ ಅಲೆದೆ. ಅವರ ಮಾತುಗಳು ಒಂದಕ್ಕೊಂದು ಹತ್ತಿರ, ದುಭಾಷಿ ಬೇಕಾಗಿದ್ದದ್ದು ನನಗೊಬ್ಬಳಿಗೇ. ಟ್ಯಾಂಕರ್ ಹಳ್ಳಿಯ ತಿರುವಿನಲ್ಲೂ ನಿಲ್ಲಬೇಕು, ಸಾಲಿಗೆ ಬರಲಾಗದವರ ಕೊಡವನ್ನು ಮೊದಲು ತುಂಬಿಸಬೇಕು ಎಂದು ಅವರೇ ತೀರ್ಮಾನಿಸಿದರು. ಮಳೆಗಾಲ ಹಿಡಿಯುವವರೆಗೂ ಆ ಸರದಿ ತಪ್ಪಲಿಲ್ಲ. ಟ್ಯಾಂಕರ್ ಬರುವುದು ನಿಂತ ಮೇಲೂ ಸಭೆ ನಡೆಯಿತು. ಅಂದು ಚಾಪೆಯ ಮೇಲೆ ಮೊದಲು ಬಂದ ವಿಷಯ ಸೌದೆ.