ನಾಯಿ ಬೆನ್ನ ಹತ್ತೇತೇನ?

ಮೊದಲ ವಾರ ನೃಪತುಂಗ ಬೆಟ್ಟದ ಅರ್ಧ ಏರಿಗೇ ಉಸಿರು ಬಾಯಿಗೆ ಬಂದಿತ್ತು. ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದೆ. ಇಳಿದು ಬರುತ್ತಿದ್ದ ಅಜ್ಜ ಒಬ್ಬರು, "ಯಾಕ್ ತಮ್ಮಾ, ನಾಯಿ ಬೆನ್ನ ಹತ್ತೇತೇನ?" ಅಂದು ನಗುತ್ತಾ ಹೋದರು. ಅವರಿಗೆ ಸ್ವಲ್ಪವೂ ಏದುಸಿರಿಲ್ಲ!

ಇವತ್ತಿಗೆ ಮೂರು ತಿಂಗಳು. ಎಲ್ಲೂ ನಿಲ್ಲದೆ ಮೇಲೆ ಹೋದೆ. ಕೆಳಗೆ ಹುಬ್ಬಳ್ಳಿ ನೋಡುತ್ತಾ ಫೋನಲ್ಲಿ ಮಾತಾಡುವಷ್ಟು ದಮ್ಮು ಉಳಿದಿತ್ತು.

ಶ್ವಾಸಕೋಶ ದೊಡ್ಡದಾಗಿರಬೇಕು ಅಂದುಕೊಂಡಿದ್ದೆ. ಅದರ ಗಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬದಲಾಗುವುದು ರಕ್ತ, ಹೃದಯ, ಸ್ನಾಯು. ಮೊದಲ ಒಂದೆರಡು ವಾರದಲ್ಲೇ ರಕ್ತದ ನೀರಿನಂಶ, ಅಂದರೆ ಪ್ಲಾಸ್ಮಾ, ಹೆಚ್ಚುತ್ತದೆ. ಹೃದಯ ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ತಳ್ಳುತ್ತದೆ. ಹಾಗಾಗಿ ಸುಮ್ನೆ ಕೂತಾಗ ಕಡಿಮೆ ಸಲ ಬಡಿದರೂ ಸಾಕು. ಬೆಳಿಗ್ಗೆ ಹಾಸಿಗೆಯಲ್ಲೇ ಮಣಿಕಟ್ಟಿಗೆ ಬೆರಳಿಟ್ಟು ಎಣಿಸುತ್ತೇನೆ. ಆಗ ನಿಮಿಷಕ್ಕೆ 78 ಇತ್ತು, ಈಗ 66.

ಕಾಲಿನ ಸ್ನಾಯುಗಳದ್ದು ನಿಧಾನದ ಕೆಲಸ. ಜೀವಕೋಶದೊಳಗೆ ಶಕ್ತಿ ತಯಾರಿಸುವ ಪುಟ್ಟ ಭಾಗಗಳು, ಅಂದರೆ ಮೈಟೊಕಾಂಡ್ರಿಯಾ, ಹೆಚ್ಚುತ್ತವೆ, ಕೂದಲಿಗಿಂತ ಸಣ್ಣ ರಕ್ತನಾಳಗಳು ಹೊಸದಾಗಿ ಹುಟ್ಟುತ್ತವೆ. ಓಣಿಗೆ ಹೊಸ ನಳ ಹಾಕಿದ ಹಾಗೆ ಅನ್ನಿ. (ನಮ್ಮ ಓಣಿಯ ನಳಕ್ಕೆ ನೀರು ಯಾವಾಗ ಬರುತ್ತದೆ ಅಂತ ಮಾತ್ರ ಕೇಳಬೇಡಿ.)

ಒಂದೇ ಬೇಜಾರು, ಎರಡು ಮೂರು ವಾರ ಬಿಟ್ಟರೆ ಗಳಿಸಿದ್ದು ಸೋರತೊಡಗುತ್ತದೆ. ಹೋದ ತಿಂಗಳು ಮನೆಯಲ್ಲಿ ಮದುವೆ ಅಂತ ಹದಿನೈದು ದಿನ ತಪ್ಪಿಸಿದ್ದೆ. ಮತ್ತೆ ಏರಿದ ದಿನ ತೊಡೆಗಳು ಬೈದವು.

ಇಳಿಯುವಾಗ ಅಜ್ಜ ಸಿಕ್ಕರು. "ಇವತ್ತ ನಾಯಿ ಬರ್ಲಿಲ್ಲೇನ?" ಅಂದರು. ಕೆಳಗೆ ಇಬ್ಬರೂ ಚಹಾ ಕುಡಿದೆವು.