ಸರ್ವರ್‌ಗೆ ಸರಿಯಾದ ಹೆಸರಿಲ್ದೆ ಮೇಲ್ ಹೋಗಲ್ಲ

ಅಕ್ಕನ ಪುಸ್ತಕದಂಗಡಿಗೆ ಒಂದು ಸಣ್ಣ ವೆಬ್‌ಸೈಟ್ ಮಾಡಿಕೊಟ್ಟಿದ್ದೆ, ಆರ್ಡರ್ ಬಂದ ತಕ್ಷಣ ಗಿರಾಕಿಗೆ ಒಂದು ಮೇಲ್ ಹೋಗ್ಬೇಕು, ಅಷ್ಟೇ. ಮೂರನೇ ದಿನ ಅಕ್ಕ ಫೋನ್ ಮಾಡಿ "ಲೋ, ದುಡ್ಡು ಕಟ್ಟಿದೋರು ರಸೀದಿನೇ ಬಂದಿಲ್ಲ ಅಂತ ಕೇಳ್ತಿದಾರೆ ಕಣೋ" ಅಂದ್ಲು. ನಂಬಿ ದುಡ್ಡು ಕೊಟ್ಟೋರು ಪಾಪ, ಅವತ್ತು ರಾತ್ರಿನೇ ಕೂತೆ.

ಡೆಬಿಯನ್ ಲಿನಕ್ಸ್ ಸರ್ವರ್, ಮೇಲ್ ಕಳಿಸೋಕೆ ಪೋಸ್ಟ್‌ಫಿಕ್ಸ್ ಅನ್ನೋ ಸಾಫ್ಟ್‌ವೇರ್. ಕಾಯ್ತಿರೋ ಮೇಲ್ ತೋರಿಸೋ ಮೇಲ್‌ಕ್ಯೂ ಕಮಾಂಡ್ ಹೊಡೆದ್ರೆ 14 ಮೇಲ್ ಹಾಗೇ ಕೂತಿವೆ. ಲಾಗ್ ತೆಗೆದು ನೋಡಿದ್ರೆ 450 (ಸದ್ಯಕ್ಕೆ ಬೇಡ, ಆಮೇಲೆ ಬಾ ಅಂತ), ಹೀಲೋ ಕಮಾಂಡ್ ರಿಜೆಕ್ಟೆಡ್, ಹೋಸ್ಟ್ ನಾಟ್ ಫೌಂಡ್. ಯಾರ ಮನೆಗೆ ಹೋದ್ರೂ ಮೊದ್ಲು "ಯಾರಪ್ಪಾ ನೀನು, ಯಾವೂರು" ಅಂತ ಕೇಳ್ತಾರಲ್ಲ, ಮೇಲ್ ಸರ್ವರ್‌ಗಳೂ ಹಂಗೇನೇ, ಹೀಲೋದಲ್ಲಿ ಹೆಸರು ಹೇಳ್ಬೇಕು, ನಮ್ದು "ವಿಪಿಎಸ್ ಡಾಟ್ ಲೋಕಲ್‌ಡೊಮೈನ್" ಅಂತಿತ್ತು. ಅಂಥ ಹೆಸರು ಡಿಎನ್‌ಎಸ್‌ನಲ್ಲಿ, ಅಂದ್ರೆ ಇಂಟರ್ನೆಟ್‌ನ ಹೆಸರು-ವಿಳಾಸದ ಪಟ್ಟಿನಲ್ಲಿ, ಎಲ್ಲೂ ಇಲ್ಲ, ಒಳಗೆ ಬಿಡ್ತಾರಾ?

ಸರ್ವರ್ ಹೆಸರು ಬದಲಿಸೋ ಹೋಸ್ಟ್‌ನೇಮ್‌ಸಿಟಿಎಲ್ ಕಮಾಂಡ್‌ನಲ್ಲಿ ಮೇಲ್ ಡಾಟ್ ಸೇರಿಸಿ ಡೊಮೈನ್‌ನ ಪೂರ್ತಿ ಹೆಸರು ಕೊಟ್ಟೆ, ಆ ಹೆಸರಿನ ಐಪಿ ಯಾವ್ದು ಅಂತ ಡಿಎನ್‌ಎಸ್‌ನಲ್ಲಿ ಒಂದು ಎ ರೆಕಾರ್ಡ್ ಹಾಕ್ದೆ, ಪೋಸ್ಟ್‌ಫಿಕ್ಸ್ ಸೆಟ್ಟಿಂಗ್ ಇರೋ ಮೇನ್ ಡಾಟ್ ಸಿಎಫ್ ಫೈಲ್‌ನಲ್ಲಿ ಮೈಹೋಸ್ಟ್‌ನೇಮ್‌ಗೂ ಅದೇ. ಹೋಸ್ಟ್ಸ್ ಫೈಲ್‌ನಲ್ಲಿ 127.0.1.1 ಅನ್ನೋ ಸಾಲಲ್ಲಿ ಪೂರ್ತಿ ಹೆಸರು ಮೊದ್ಲು, ಚಿಕ್ಕ ಹೆಸರು ಆಮೇಲೆ ಬರ್ಬೇಕು, ನಾನು ಉಲ್ಟಾ ಬರೆದಿದ್ದೆ, ಅದಕ್ಕೇ ಪೂರ್ತಿ ಹೆಸರು ಕೇಳೋ ಹೋಸ್ಟ್‌ನೇಮ್ ಹೈಫನ್ ಎಫ್ ಕೊಟ್ರೂ ಚಿಕ್ಕ ಹೆಸರೇ ಬರ್ತಿತ್ತು. ಇನ್ನೊಂದು, ಯಾವ ಡೊಮೈನ್ ಮೇಲ್ ಇದೇ ಸರ್ವರ್‌ನದು ಅಂತ ಹೇಳೋ ಮೈಡೆಸ್ಟಿನೇಷನ್ ಸಾಲಲ್ಲಿ, ಮೇಲ್ ಡಾಟ್ ಇಲ್ದಿರೋ ಡೊಮೈನ್ ಹೆಸರು ಇರ್ಬಾರದು. ಅಕ್ಕನ ಮೇಲ್‌ಬಾಕ್ಸ್ ಬೇರೆ ಕಡೆ ಇದೆ, ಆದ್ರೆ ಪೋಸ್ಟ್‌ಫಿಕ್ಸ್ ಆ ಡೊಮೈನ್ ತನ್ನದೇ ಅಂದ್ಕೊಂಡು ಅವಳಿಗೆ ಹೋಗ್ಬೇಕಾದ ಆರ್ಡರ್ ಕಾಪಿನೆಲ್ಲಾ ಸರ್ವರ್ ಒಳಗೇ ಇಟ್ಕೊಂಡಿತ್ತು.

ಆದ್ರೂ ಜಿಮೇಲ್ 550, ಅಂದ್ರೆ ಬೇಡ್ವೇ ಬೇಡ, ಅಂತ ವಾಪಸ್ ಕಳಿಸ್ತಾನೇ ಇತ್ತು. ರಿವರ್ಸ್ ಡಿಎನ್‌ಎಸ್, ಅಂದ್ರೆ ಐಪಿಯಿಂದ ಹೆಸರು ಹುಡುಕೋ ದಾರಿ, ಇರ್ಲಿಲ್ಲ. ಅದಕ್ಕೆ ಬೇಕಾದ ಪಿಟಿಆರ್ ರೆಕಾರ್ಡನ್ನ ಡೊಮೈನ್ ಕೊಂಡ ಕಡೆ ಹುಡುಕಿ ಒಂದು ಗಂಟೆ ಹೋಯ್ತು, ಅದಿರೋದು ಸರ್ವರ್ ಬಾಡಿಗೆ ತಗೊಂಡ ಕಡೆ, ಯಾಕಂದ್ರೆ ಐಪಿ ಅವರದ್ದು. ಹಾಕ್ದೆ, ಮತ್ತೆ 550. ಲಾಗ್‌ನ ಆ ಸಾಲನ್ನ ನಿಧಾನಕ್ಕೆ ಓದಿದಾಗ ಗೊತ್ತಾಯ್ತು, ಸರ್ವರ್‌ಗೆ ಎರಡು ಬಗೆಯ ಐಪಿ ವಿಳಾಸ ಇದೆ, ಜಿಮೇಲ್‌ಗೆ ಹೊಸ ಬಗೆಯ ಐಪಿವಿ6ನಲ್ಲಿ ಹೋಗ್ತಿದೆ, ನಾನು ಪಿಟಿಆರ್ ಹಾಕಿದ್ದು ಹಳೇ ಐಪಿವಿ4ಗೆ ಮಾತ್ರ! ಪೋಸ್ಟ್‌ಫಿಕ್ಸ್‌ನ ಐನೆಟ್ ಪ್ರೋಟೋಕಾಲ್ಸ್ ಸೆಟ್ಟಿಂಗ್‌ಗೆ ಐಪಿವಿ4 ಅಂತ ಕೊಟ್ರೂ ಮುಗಿಯುತ್ತೆ, ಆದ್ರೆ ವಿ6ಗೂ ಎಎಎಎ ರೆಕಾರ್ಡ್ (ಎ ರೆಕಾರ್ಡ್‌ನ ವಿ6 ರೂಪ), ಪಿಟಿಆರ್ ಎರಡೂ ಹಾಕೋದೇ ಸರಿ ಅಂತ ನನಗನ್ಸುತ್ತೆ, ಹಾಗೇ ಮಾಡ್ದೆ.

ಮೇಲ್ ನಿಜವಾಗ್ಲೂ ನಮ್ಮ ಡೊಮೈನ್‌ನಿಂದಲೇ ಬಂದಿದೆ ಅಂತ ತೋರಿಸೋ ಎಸ್‌ಪಿಎಫ್, ಡಿಕಿಮ್ ಎರಡನ್ನೂ ಅವತ್ತೇ ಹಾಕ್ಬಿಟ್ಟೆ. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ಕಳಿಸೋ ಯಾರಿಗಾದ್ರೂ ಎರಡರಲ್ಲಿ ಒಂದಾದ್ರೂ ಇರ್ಲೇಬೇಕು.

ಕೊನೆಗೆ ಕಾಯ್ತಿರೋದನ್ನೆಲ್ಲಾ ಮತ್ತೆ ಕಳಿಸೋ ಪೋಸ್ಟ್‌ಕ್ಯೂ ಹೈಫನ್ ಎಫ್ ಹೊಡೆದೆ, ಕ್ಯೂನಲ್ಲಿದ್ದ ಹದಿನಾಲ್ಕೂ ಹೊರಟ್ವು. 550 ಬಂದವು ಮಾತ್ರ ಕ್ಯೂನಲ್ಲಿ ಉಳಿಯಲ್ಲ, ಅವು ಕಳೆದುಹೋದ ಹಾಗೇ. ಲಾಗ್‌ನಿಂದ ಆ ವಿಳಾಸಗಳನ್ನ ಹೆಕ್ಕಿ ಕೊಟ್ಟೆ, ಮಾರನೇ ದಿನ ಬೆಳಿಗ್ಗೆ ಅಕ್ಕ ಅಂಗಡಿ ಬಾಗಿಲು ತೆಗೆಯೋಕೂ ಮುಂಚೆ ಒಬ್ಬೊಬ್ಬರಿಗೂ ತಾನೇ ಫೋನ್ ಮಾಡಿ ಪುಸ್ತಕ ಕಳಿಸಿದೀವಿ ಅಂತ ಹೇಳಿದ್ಲು.